ಕಾಲರಾದಲ್ಲಿ ಕರುಳೇ ನೀರು ಸುರಿಸುವಾಗ ಒಆರ್‌ಎಸ್ ಒಳಗೆ ಇಳಿಯುವುದು ಹೇಗೆ? ಅಂಕಿಗಳ ಹಿಂದಿನ ಕಾರಣ ಬೇಕು

ದ್ವಿತೀಯ ವರ್ಷ:

ಒಆರ್‌ಎಸ್, ಅಂದರೆ ಭೇದಿಯಲ್ಲಿ ಬಾಯಿಯಿಂದ ಕುಡಿಸುವ ಉಪ್ಪು-ಸಕ್ಕರೆ ದ್ರಾವಣದ ಸೂತ್ರ: ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಬಾಯಿಗೆ ಬಂದಿದೆ, ತಲೆಗೆ ಇಳಿದಿಲ್ಲ. ಕಾಲರಾದಲ್ಲಿ ಕರುಳು ತಾನೇ ನೀರನ್ನು ಹೊರಗೆ ಸುರಿಸುತ್ತಿರುತ್ತದೆ. ಅದೇ ಕರುಳಿಗೆ ಮೇಲಿನಿಂದ ಇನ್ನಷ್ಟು ನೀರು ಕೊಟ್ಟರೆ ಅದು ರಕ್ತಕ್ಕೆ ಸೇರುವುದು ಹೇಗೆ? ಗ್ಲೂಕೋಸೇ ಈ ಕೆಲಸ ಮಾಡಿಸುವುದಾದರೆ 13.5ರ ಬದಲು 40 ಗ್ರಾಂ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ? ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇವೇ ಪ್ರಶ್ನೆಗಳು ಬರುತ್ತವೆ. ತಿಳಿದವರು ಬಿಡಿಸಿ ಹೇಳಿ.

ಶರೀರಕ್ರಿಯೆ:

ಮೊದಲು ಕರುಳಿನ ರಚನೆ ಕಣ್ಣಮುಂದೆ ಇರಲಿ. ಸಣ್ಣ ಕರುಳಿನ ಒಳಪದರದಲ್ಲಿ ಬೆರಳುಗಳಂತೆ ಎದ್ದು ನಿಂತವು ವಿಲ್ಲೈ. ಅವುಗಳ ಬುಡದಲ್ಲಿ ಗುಳಿಗಳಂತೆ ಒಳಕ್ಕೆ ಇಳಿದವು ಕ್ರಿಪ್ಟ್‌ಗಳು. ಹೀರುವುದು ಹೆಚ್ಚಾಗಿ ವಿಲ್ಲೈ ಮೇಲಿನ ಕೋಶಗಳ ಕೆಲಸ, ಸ್ರವಿಸುವುದು ಹೆಚ್ಚಾಗಿ ಕ್ರಿಪ್ಟ್ ಕೋಶಗಳ ಕೆಲಸ. ನಿಮ್ಮ ಮೊದಲ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ: ಎರಡೂ ಕೆಲಸ ಒಂದೇ ಕರುಳಿನಲ್ಲಿ ನಡೆದರೂ ಒಂದೇ ಬಾಗಿಲಿನಿಂದ ನಡೆಯುವುದಿಲ್ಲ.

ಆರೋಗ್ಯವಂತ ವಯಸ್ಕರಲ್ಲೂ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ. ಕುಡಿದು ತಿಂದದ್ದು 2 ಲೀಟರ್ ಮಾತ್ರ. ಉಳಿದದ್ದು ದೇಹದ್ದೇ: ಲಾಲಾರಸ 1.5, ಜಠರರಸ 2, ಪಿತ್ತರಸ 0.5, ಮೇದೋಜೀರಕ ರಸ 1.5, ಕರುಳಿನ ರಸ 1.5 ಲೀಟರ್ ಹತ್ತಿರ. ಮಲದಲ್ಲಿ ಹೊರಹೋಗುವ ನೀರು 100ರಿಂದ 200 ಮಿಲೀ ಅಷ್ಟೇ. ಸಣ್ಣ ಕರುಳು ಬಹುಪಾಲನ್ನು ಹೀರಿ, 1ರಿಂದ 2 ಲೀಟರನ್ನು ದೊಡ್ಡ ಕರುಳಿಗೆ ಬಿಡುತ್ತದೆ. ಅಂದರೆ ಭೇದಿಯಾಗಲು ಹೊಸ ನೀರು ಹುಟ್ಟಬೇಕಿಲ್ಲ, ಈ ಲೆಕ್ಕ ಸ್ವಲ್ಪ ತಪ್ಪಿದರೆ ಸಾಕು.

ಕಾಲರಾ ವಿಷ ಈ ಲೆಕ್ಕವನ್ನು ಎರಡೂ ಕಡೆಯಿಂದ ಕೆಡಿಸುತ್ತದೆ. ವಿಷದ ಬಿ ಭಾಗ ಕೋಶದ ಮೇಲಿನ ಕೊಬ್ಬು-ಸಕ್ಕರೆಯ ಕಣವಾದ ಜಿಎಂ-1 ಗ್ಯಾಂಗ್ಲಿಯೋಸೈಡ್‌ಗೆ ಅಂಟಿಕೊಳ್ಳುತ್ತದೆ. ಎ ಭಾಗ ಒಳಗೆ ಹೋಗಿ, ಸಂಕೇತ ಸಾಗಿಸುವ ಜಿಎಸ್ ಪ್ರೋಟೀನಿನ ಆಲ್ಫಾ ಘಟಕಕ್ಕೆ ಎಡಿಪಿ-ರೈಬೋಸ್ ಎಂಬ ತುಣುಕನ್ನು ಜೋಡಿಸುತ್ತದೆ. ಆ ಮೇಲೆ ಜಿಎಸ್‌ಗೆ ತನ್ನನ್ನು ತಾನು ಆರಿಸಿಕೊಳ್ಳಲು ಆಗುವುದಿಲ್ಲ. ಅದು ನಡೆಸುವ ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವ ಓಡುತ್ತಲೇ ಇರುತ್ತದೆ, ಆ ಕಿಣ್ವ ತಯಾರಿಸುವ ಸಂಕೇತಕಣ ಸೈಕ್ಲಿಕ್ ಎಎಂಪಿ ಏರುತ್ತದೆ. ಕ್ರಿಪ್ಟ್‌ಗಳಲ್ಲಿ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ದ್ವಾರ ತೆರೆದುಕೊಳ್ಳುತ್ತದೆ. ಕ್ಲೋರೈಡ್ ಹೊರಬಂದರೆ ಸೋಡಿಯಂ ಹಿಂಬಾಲಿಸುತ್ತದೆ, ಎರಡರ ಹಿಂದೆ ನೀರು. ಅತ್ತ ವಿಲ್ಲೈಯಲ್ಲಿ ಉಪ್ಪು ಹೀರಿಸುವ ಸೋಡಿಯಂ-ಹೈಡ್ರೋಜನ್ ವಿನಿಮಯಕಾರಿ, ಅಂದರೆ ಎನ್‌ಎಚ್‌ಇ-3, ಮಂಕಾಗುತ್ತದೆ. ಹಾಗಾಗಿ ಬರಿಯ ಉಪ್ಪುನೀರು ಕೊಟ್ಟರೆ ಹೀರಿಕೆ ಆಗದು.

ಆದರೆ ಎಸ್‌ಜಿಎಲ್‌ಟಿ-1 ಎಂಬ ವಾಹಕವನ್ನು ಈ ವಿಷ ಕೆಡಿಸುವುದಿಲ್ಲ. ಎರಡು ಸೋಡಿಯಂ ಅಯಾನುಗಳ ಜೊತೆ ಒಂದು ಗ್ಲೂಕೋಸ್ ಕಣವನ್ನು ಅದು ಒಳಕ್ಕೆ ತರುತ್ತದೆ. ಸೋಡಿಯಂ ಇಲ್ಲದೆ ಗ್ಲೂಕೋಸ್ ಬಾರದು, ಗ್ಲೂಕೋಸ್ ಇಲ್ಲದೆ ಈ ದಾರಿಯಲ್ಲಿ ಸೋಡಿಯಂ ಬಾರದು. ಒಳಬಂದ ಗ್ಲೂಕೋಸ್ ಜಿಎಲ್‌ಯುಟಿ-2 ಎಂಬ ಇನ್ನೊಂದು ವಾಹಕದ ಮೂಲಕ ರಕ್ತದ ಕಡೆಗೆ ಹೋಗುತ್ತದೆ. ಸೋಡಿಯಂ ಅನ್ನು ಕೋಶದ ಬುಡ ಮತ್ತು ಪಕ್ಕಗಳಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಹೊರಗೆ ತಳ್ಳುತ್ತದೆ. ಇಡೀ ವ್ಯವಸ್ಥೆಗೆ ಶಕ್ತಿ ಕೊಡುವುದು ಈ ಪಂಪ್. ಕೋಶಗಳ ನಡುವಿನ ಸಂದಿಯಲ್ಲಿ ಉಪ್ಪು ಮತ್ತು ಸಕ್ಕರೆ ದಟ್ಟವಾಗುತ್ತದೆ, ಅದರ ಸೆಳೆತಕ್ಕೆ ನೀರು ಬರುತ್ತದೆ.

ಇದೇ ಕಾರಣಕ್ಕೆ ಒಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಸುರಿಯುವ ನಲ್ಲಿ ಸುರಿಯುತ್ತಲೇ ಇರುತ್ತದೆ. ಇನ್ನೊಂದು ಬಾಗಿಲಿನಿಂದ ನಷ್ಟಕ್ಕಿಂತ ಹೆಚ್ಚು ತುಂಬಿಸುವುದಷ್ಟೇ ಇದರ ಕೆಲಸ. ಮನೆಯವರಿಗೆ ಇದನ್ನು ಮೊದಲೇ ಹೇಳದಿದ್ದರೆ "ಕುಡಿಸಿದರೂ ಭೇದಿ ನಿಂತಿಲ್ಲ" ಎಂದು ಎರಡನೇ ಗಂಟೆಗೇ ಕೈಬಿಡುತ್ತಾರೆ.

ದ್ವಿತೀಯ ವರ್ಷ:

ಸ್ಪಷ್ಟವಾಯಿತು ಸರ್. ಒಂದು ಸಂಶಯ. ವಾಹಕ 2ಕ್ಕೆ 1ರ ಲೆಕ್ಕದಲ್ಲಿ ಒಯ್ಯುತ್ತದೆ ಎಂದಿರಿ. ಒಆರ್‌ಎಸ್‌ನಲ್ಲಿ ಲೀಟರಿಗೆ ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ) ಲೆಕ್ಕದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಸಮಸಮ. ಇದು ಹೊಂದುವುದಿಲ್ಲವಲ್ಲ?

ಶರೀರಕ್ರಿಯೆ:

ಒಳ್ಳೆಯ ಸಂಶಯ. ಕರುಳಿನ ಪೊಳ್ಳಿನಲ್ಲಿರುವ ಸೋಡಿಯಂ ಎಲ್ಲವೂ ಲೋಟದಿಂದ ಬಂದದ್ದಲ್ಲ. ಸಣ್ಣ ಕರುಳಿನ ನಡುಭಾಗವಾದ ಜೆಜುನಂನ ಕೋಶಸಂಧಿಗಳು ಸಡಿಲ, ರಕ್ತದ ಕಡೆಯಿಂದ ಸೋಡಿಯಂ ಜಿನುಗಿ ಬರುತ್ತಿರುತ್ತದೆ. ಕ್ರಿಪ್ಟ್‌ಗಳ ಸ್ರಾವದಲ್ಲೂ ಇದೆ. ವಾಹಕದ ಎದುರಿಗೆ ನಿಲ್ಲುವುದು ಈ ಒಟ್ಟು ಸೋಡಿಯಂ. ಹಾಗಾಗಿ ಗ್ಲೂಕೋಸ್ ಕೊರತೆ ಬೀಳದಂತೆ, ಹೆಚ್ಚೂ ಆಗದಂತೆ ಸಮಪ್ರಮಾಣ ಇಟ್ಟಿದ್ದಾರೆ.

ಈಗ 40 ಗ್ರಾಂ ಪ್ರಶ್ನೆ. ಗ್ರಾಂಗಳನ್ನು ಮಿಲಿಮೋಲ್‌ಗೆ ತಿರುಗಿಸಿ ನೋಡಿ, ಒಮ್ಮೆ ಕೈಯಿಂದ ಮಾಡಿದರೆ ಮತ್ತೆ ಮರೆಯುವುದಿಲ್ಲ. ಗ್ರಾಂ ಅನ್ನು ಅಣುತೂಕದಿಂದ ಭಾಗಿಸಿ ಸಾವಿರದಿಂದ ಗುಣಿಸಬೇಕು. ಗ್ಲೂಕೋಸ್ 13.5 ಭಾಗಿಸು 180, ಗುಣಿಸು 1000, ಅಂದರೆ 75. ಸೋಡಿಯಂ ಕ್ಲೋರೈಡ್ 2.6 ಭಾಗಿಸು 58.5, ಸುಮಾರು 44.5. ಪೊಟ್ಯಾಸಿಯಂ ಕ್ಲೋರೈಡ್ 1.5 ಭಾಗಿಸು 74.5, ಸುಮಾರು 20. ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.9 ಭಾಗಿಸು 294, ಸುಮಾರು 10. ಆದರೆ ಒಂದು ಸಿಟ್ರೇಟ್‌ಗೆ ಮೂರು ಸೋಡಿಯಂ, ಆದ್ದರಿಂದ ಇಲ್ಲಿಂದ ಇನ್ನೂ 30 ಸೋಡಿಯಂ. ಒಟ್ಟು ಸೋಡಿಯಂ 75, ಕ್ಲೋರೈಡ್ 65, ಗ್ಲೂಕೋಸ್ 75, ಪೊಟ್ಯಾಸಿಯಂ 20, ಸಿಟ್ರೇಟ್ 10. ಕೂಡಿಸಿದರೆ 245. ಇದೇ ಲೀಟರಿಗೆ 245 ಮಿಲಿಆಸ್ಮೋಲ್, ಅಂದರೆ ನೀರನ್ನು ಸೆಳೆಯುವ ಕಣಗಳ ಒಟ್ಟು ದಟ್ಟಣೆ (ಆಸ್ಮೋಲಾರಿಟಿ).

40 ಗ್ರಾಂ ಗ್ಲೂಕೋಸ್ ಹಾಕಿದರೆ ಗ್ಲೂಕೋಸ್ ಒಂದೇ 222 ಆಗುತ್ತದೆ, ಒಟ್ಟು 392. ರಕ್ತದ್ದು 290ರ ಆಸುಪಾಸು. ವಾಹಕ ಹೀರುವ ವೇಗಕ್ಕೆ ಮಿತಿಯಿದೆ, ಉಳಿದ ಗ್ಲೂಕೋಸ್ ಕರುಳಿನ ಪೊಳ್ಳಿನಲ್ಲೇ ನಿಂತು ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಭೇದಿ ಹೆಚ್ಚುತ್ತದೆ, ಜೊತೆಗೆ ಉಪ್ಪಿಗಿಂತ ನೀರು ಹೆಚ್ಚು ಕಳೆದು ರಕ್ತದ ಸೋಡಿಯಂ ಏರುತ್ತದೆ. ಸಿಹಿ ಪಾನೀಯ, ಹಣ್ಣಿನ ರಸ ಬೇಡ ಎನ್ನುವುದು ಇದೇ ಕಾರಣಕ್ಕೆ. ಸೇಬಿನ ರಸದ ಆಸ್ಮೋಲಾರಿಟಿ ರಕ್ತದ ಎರಡು ಪಟ್ಟಿಗೂ ಮೇಲೆ, ಸೋಡಿಯಂ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಸಮುದಾಯ ಆರೋಗ್ಯ:

ಇದಕ್ಕೆ ಸೇರಿಸುತ್ತೇನೆ. ಹಳೆಯ ಸೂತ್ರದಲ್ಲಿ ಸೋಡಿಯಂ ಕ್ಲೋರೈಡ್ 3.5, ಗ್ಲೂಕೋಸ್ 20 ಗ್ರಾಂ ಇತ್ತು. ಅದರ ಲೆಕ್ಕ ಸೋಡಿಯಂ 90, ಗ್ಲೂಕೋಸ್ 111, ಒಟ್ಟು 311. ರಕ್ತಕ್ಕಿಂತ ಕೊಂಚ ದಟ್ಟ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 245ರ ಸೂತ್ರಕ್ಕೆ ಬದಲಾಯಿಸಿದವು. ಮಕ್ಕಳಲ್ಲಿ ಮಲದ ಪ್ರಮಾಣ ಸುಮಾರು ಶೇ. 20, ವಾಂತಿ ಶೇ. 30, ನಡುವೆ ಡ್ರಿಪ್ ಹಾಕಬೇಕಾಗುವ ಪ್ರಸಂಗ ಶೇ. 33ರಷ್ಟು ಇಳಿಯಿತು ಎಂಬುದು ಅದಕ್ಕೆ ಆಧಾರ. ಕಾಲರಾದ ವಯಸ್ಕರ ಮಲದಲ್ಲಿ ಸೋಡಿಯಂ 130ರ ಹತ್ತಿರ ಇರುತ್ತದೆ, ಆದ್ದರಿಂದ ಅವರಲ್ಲಿ 75ರ ದ್ರಾವಣದಿಂದ ರಕ್ತದ ಸೋಡಿಯಂ ಸ್ವಲ್ಪ ಇಳಿಯಬಹುದು. ಆದರೂ ಎಲ್ಲ ವಯಸ್ಸಿಗೂ ಎಲ್ಲ ಭೇದಿಗೂ ಒಂದೇ ಪೊಟ್ಟಣ ಇಟ್ಟುಕೊಂಡದ್ದು ಸರಿಯಾದ ನಿರ್ಧಾರ. ಎರಡು ಬಗೆಯ ಪೊಟ್ಟಣ ಇದ್ದರೆ ಗಡಿಬಿಡಿಯಲ್ಲಿ ಅದಲುಬದಲಾಗುವ ಅಪಾಯವೇ ದೊಡ್ಡದು.

ಇತಿಹಾಸ ಕೇಳಿದರೆ ಮೂರು ಇಸವಿ ನೆನಪಿಡಿ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಸೋಡಿಯಂ-ಗ್ಲೂಕೋಸ್ ಜೋಡಿಸಾಗಣೆಯ ಪರಿಕಲ್ಪನೆ ಮುಂದಿಟ್ಟರು. 1968ರಲ್ಲಿ ಢಾಕಾದ ಕಾಲರಾ ರೋಗಿಗಳ ಮೇಲಿನ ಪ್ರಯೋಗ ಪ್ರಕಟವಾಯಿತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ತಂಡ, ಡ್ರಿಪ್ ಸಾಲದಾದಾಗ, ರೋಗಿಗಳ ಮನೆಯವರ ಕೈಯಲ್ಲೇ ಈ ದ್ರಾವಣ ಕುಡಿಸಿತು. ಶೇ. 30ರ ಸುಮಾರಿಗಿದ್ದ ಸಾವಿನ ಪ್ರಮಾಣ ಶೇ. 4ಕ್ಕೂ ಕೆಳಗಿಳಿಯಿತು.

ಮಕ್ಕಳ ವಾರ್ಡ್:

ರಸಾಯನ ಲೆಕ್ಕ ಸರಿಯಾಯಿತು, ಈಗ ಮಗುವಿನ ಹತ್ತಿರ ಬನ್ನಿ. ನಾಲ್ಕು ಗುರುತು ನೋಡಬೇಕು: ಎಚ್ಚರ, ಕಣ್ಣು, ಬಾಯಾರಿಕೆ, ಚರ್ಮ. ಕಿರಿಕಿರಿ, ಗುಳಿಬಿದ್ದ ಕಣ್ಣು, ಆತುರದಿಂದ ಕುಡಿಯುವುದು, ಚಿವುಟಿದ ಚರ್ಮ ನಿಧಾನವಾಗಿ ಮರಳುವುದು, ಇವುಗಳಲ್ಲಿ ಎರಡಿದ್ದರೆ 'ಸ್ವಲ್ಪ ನಿರ್ಜಲೀಕರಣ'. ಮಂಪರು ಅಥವಾ ಪ್ರಜ್ಞೆ ತಪ್ಪಿರುವುದು, ಗುಳಿಬಿದ್ದ ಕಣ್ಣು, ಕುಡಿಯಲಾರದಿರುವುದು, ಚರ್ಮ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು, ಇವುಗಳಲ್ಲಿ ಎರಡಿದ್ದರೆ 'ತೀವ್ರ'. ತೂಕದ ಲೆಕ್ಕದಲ್ಲಿ ಮೊದಲನೆಯದು ಶೇ. 5ರಿಂದ 10ರಷ್ಟು ದ್ರವನಷ್ಟ, ಎರಡನೆಯದು 10ಕ್ಕೂ ಮೇಲೆ.

ಚರ್ಮ ಚಿವುಟುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಮಗುವನ್ನು ಅಂಗಾತ ಮಲಗಿಸಿ. ಹೊಕ್ಕುಳಕ್ಕೂ ಹೊಟ್ಟೆಯ ಪಕ್ಕಕ್ಕೂ ನಡುವಿನ ಜಾಗ. ಹೆಬ್ಬೆರಳು, ತೋರುಬೆರಳುಗಳ ಚಪ್ಪಟೆ ಭಾಗದಿಂದ ಹಿಡಿಯಿರಿ. ಉಗುರಿನ ತುದಿಯಿಂದಲ್ಲ, ಅದು ನೋವು ಮಾತ್ರ. ಮಡಿಕೆ ದೇಹದ ಉದ್ದಕ್ಕೆ ಇರಲಿ, ಅಡ್ಡಕ್ಕೆ ಬೇಡ. ಚರ್ಮದ ಜೊತೆ ಕೆಳಗಿನ ಪದರವೂ ಮೇಲೆ ಬರಬೇಕು. ಒಂದು ಸೆಕೆಂಡ್ ಹಿಡಿದು ಬಿಡಿ. ಕೈಹಿಂಬದಿಯ ಚರ್ಮದಲ್ಲಿ ನೋಡಬೇಡಿ.

ಈ ಗುರುತು ಮೋಸ ಮಾಡುವ ಸಂದರ್ಭಗಳೂ ಇವೆ. ತೀರಾ ಬಡಕಲಾದ ಮಗುವಿನಲ್ಲಿ ಚರ್ಮದಡಿಯ ಕೊಬ್ಬೇ ಇಲ್ಲ, ದ್ರವ ಸರಿಯಿದ್ದರೂ ಮಡಿಕೆ ನಿಧಾನ. ದಪ್ಪ ಮಗುವಿನಲ್ಲಿ, ಬಾವಿರುವ ಮಗುವಿನಲ್ಲಿ ನಿರ್ಜಲೀಕರಣವಿದ್ದರೂ ಥಟ್ಟನೆ ಮರಳುತ್ತದೆ. ರಕ್ತದ ಸೋಡಿಯಂ ಹೆಚ್ಚಿದ ಮಗುವಿನಲ್ಲಿ ಜೀವಕೋಶಗಳೊಳಗಿನ ನೀರು ಹೊರಬಂದು ರಕ್ತ ಮತ್ತು ಚರ್ಮದ ದ್ರವವನ್ನು ಕಾಪಾಡಿಕೊಳ್ಳುತ್ತದೆ, ಚರ್ಮ ನಾದಿದ ಹಿಟ್ಟಿನಂತೆ ಹತ್ತುತ್ತದೆ, ಪರೀಕ್ಷೆ ಸುಳ್ಳು ಧೈರ್ಯ ಕೊಡುತ್ತದೆ. ಆ ಮಗು ವಿಪರೀತ ಬಾಯಾರಿ ಚಡಪಡಿಸುತ್ತದೆ, ಅದೇ ಸುಳಿವು. ಕಣ್ಣು ಗುಳಿಬಿದ್ದಿದೆಯೇ ಎಂಬುದನ್ನು ತಾಯಿಯನ್ನೇ ಕೇಳಿ, ಮೊದಲು ಹೇಗಿತ್ತೆಂದು ಅವರಿಗೆ ಗೊತ್ತು.

'ಸ್ವಲ್ಪ' ಇದ್ದರೆ ಕೆಜಿಗೆ 75 ಮಿಲೀ, 4 ಗಂಟೆಯಲ್ಲಿ. 8 ಕೆಜಿ ಮಗುವಿಗೆ 600 ಮಿಲೀ, ಗಂಟೆಗೆ 150. ಇದನ್ನು 5 ಮಿಲೀ ಚಮಚಕ್ಕೆ ಇಳಿಸಿದರೆ ಗಂಟೆಗೆ 30 ಚಮಚ, ಅಂದರೆ 2 ನಿಮಿಷಕ್ಕೆ ಒಂದು. ತಾಯಿಗೆ "600 ಮಿಲೀ ಕುಡಿಸಿ" ಎನ್ನುವುದಕ್ಕಿಂತ "ಎರಡು ನಿಮಿಷಕ್ಕೊಂದು ಚಮಚ, ನಾಲ್ಕು ಗಂಟೆ" ಎಂದರೆ ಕೆಲಸ ಆಗುತ್ತದೆ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಶುರು, ಇನ್ನೂ ನಿಧಾನವಾಗಿ. ಬಾಟಲಿಯಿಂದ ಗಟಗಟ ಕುಡಿಸಿದರೆ ಜಠರ ಒಮ್ಮೆಲೇ ಹಿಗ್ಗಿ ಎಲ್ಲವೂ ವಾಪಸ್ ಬರುತ್ತದೆ. ವಾಂತಿ ಇದೆ ಎಂದು ಒಆರ್‌ಎಸ್ ನಿಲ್ಲಿಸುವುದು ಅತಿ ಸಾಮಾನ್ಯ ತಪ್ಪು. ಎದೆಹಾಲು ಯಾವ ಹಂತದಲ್ಲೂ ನಿಲ್ಲಬಾರದು.

ನಿರ್ಜಲೀಕರಣ ಇಲ್ಲದ ಮಗುವಿಗೆ ಪ್ರತಿ ಸಲ ನೀರಾಗಿ ಹೋದ ಮೇಲೆ: 2 ವರ್ಷದೊಳಗೆ 50ರಿಂದ 100 ಮಿಲೀ, 2ರಿಂದ 10 ವರ್ಷಕ್ಕೆ 100ರಿಂದ 200 ಮಿಲೀ.

ದ್ವಿತೀಯ ವರ್ಷ:

ನಿರ್ಜಲೀಕರಣ ತೀವ್ರ ಇದ್ದಾಗ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣ ಎಂದು ಓದಿದ್ದೇವೆ. ಕೈಗೆ ಸಿಕ್ಕ 5% ಡೆಕ್ಸ್ಟ್ರೋಸ್ ಹಾಕಿದರೆ ಏನಾಗುತ್ತದೆ? ಅದರಲ್ಲೂ ಗ್ಲೂಕೋಸ್ ಇದೆಯಲ್ಲ ಮೇಡಂ.

ಮಕ್ಕಳ ವಾರ್ಡ್:

ಗ್ಲೂಕೋಸ್ ಕೆಲಸ ಮಾಡುವುದು ಕರುಳಿನ ಬಾಗಿಲಲ್ಲಿ. ರಕ್ತನಾಳಕ್ಕೆ ನೇರ ಹಾಕಿದಾಗ ಆ ಬಾಗಿಲಿನ ಪ್ರಶ್ನೆಯೇ ಇಲ್ಲ. ಡೆಕ್ಸ್ಟ್ರೋಸ್ ದೇಹದಲ್ಲಿ ಉರಿದುಹೋಗುತ್ತದೆ, ಉಳಿಯುವುದು ಬರಿಯ ನೀರು. ಆ ನೀರು ದೇಹದ ಎಲ್ಲ ಭಾಗಗಳಿಗೆ ಹಂಚಿಹೋಗಿ ಮೂರರಲ್ಲಿ ಎರಡು ಪಾಲು ಜೀವಕೋಶಗಳೊಳಗೆ ಸೇರುತ್ತದೆ, ರಕ್ತನಾಳದಲ್ಲಿ ನಿಲ್ಲುವುದು ಅತ್ಯಲ್ಪ. ನಾಡಿ ಏಳುವುದಿಲ್ಲ, ಸೋಡಿಯಂ ಕುಸಿಯುತ್ತದೆ, ಮಿದುಳು ಊದಿ ಸೆಳವು ಬರಬಹುದು.

ರಿಂಗರ್ ಲ್ಯಾಕ್ಟೇಟ್‌ನಲ್ಲಿ ಸೋಡಿಯಂ ಇದೆ. ಲ್ಯಾಕ್ಟೇಟ್ ಯಕೃತ್ತಿನಲ್ಲಿ ಬೈಕಾರ್ಬನೇಟ್ ಆಗುತ್ತದೆ. ಭೇದಿಯಲ್ಲಿ ಬೈಕಾರ್ಬನೇಟ್ ಕಳೆದು ಆಮ್ಲತೆ ಬಂದಿರುತ್ತದೆ, ಅದನ್ನು ಇದು ತಿದ್ದುತ್ತದೆ. ಒಆರ್‌ಎಸ್‌ನ ಸಿಟ್ರೇಟ್ ಇರುವುದೂ ಇದಕ್ಕೇ. ನಾರ್ಮಲ್ ಸಲೈನ್ (ಬರಿಯ ಉಪ್ಪುನೀರಿನ ಡ್ರಿಪ್) ಅನ್ನು ರಿಂಗರ್ ಇಲ್ಲದಾಗ ಹಾಕಬಹುದು, ಆದರೆ ಅದರಲ್ಲಿ ಕ್ಷಾರವೂ ಇಲ್ಲ, ಪೊಟ್ಯಾಸಿಯಂ ಕೂಡ ಇಲ್ಲ.

ಪ್ರಮಾಣ ಕೆಜಿಗೆ 100 ಮಿಲೀ. ಒಂದು ವರ್ಷದೊಳಗಿನವರಿಗೆ ಮೊದಲು 30 ಮಿಲೀ ಒಂದು ಗಂಟೆಯಲ್ಲಿ, ಉಳಿದ 70 ಮಿಲೀ 5 ಗಂಟೆಯಲ್ಲಿ. ಒಂದು ವರ್ಷ ಮೇಲ್ಪಟ್ಟವರಿಗೆ 30 ಮಿಲೀ ಅರ್ಧ ಗಂಟೆಯಲ್ಲಿ, 70 ಮಿಲೀ ಎರಡೂವರೆ ಗಂಟೆಯಲ್ಲಿ. 8 ತಿಂಗಳ, 8 ಕೆಜಿ ಮಗು ಅನ್ನಿ: ಮೊದಲ ಗಂಟೆ 240 ಮಿಲೀ, ನಿಮಿಷಕ್ಕೆ 4. ಒಂದು ಮಿಲೀಗೆ 20 ಹನಿ ಬೀಳುವ ಸೆಟ್ ಆದರೆ ನಿಮಿಷಕ್ಕೆ 80 ಹನಿ. ಆಮೇಲೆ 560 ಮಿಲೀ 5 ಗಂಟೆಗೆ, ನಿಮಿಷಕ್ಕೆ ಸುಮಾರು 37 ಹನಿ. ಸೆಟ್‌ನ ಹೊದಿಕೆಯ ಮೇಲೆ ಹನಿ ಸಂಖ್ಯೆ ಬರೆದಿರುತ್ತದೆ, ಅದನ್ನು ಓದದೆ ಲೆಕ್ಕ ಹಾಕಬೇಡಿ. ಮೊದಲ 30 ಮಿಲೀ ಮುಗಿದ ಮೇಲೂ ಮಣಿಕಟ್ಟಿನ ನಾಡಿ ತೀರಾ ಕ್ಷೀಣವಾಗಿದ್ದರೆ ಅದನ್ನೇ ಇನ್ನೊಮ್ಮೆ ಕೊಡಿ. ಬಲವಾದ ನಾಡಿ ಸಿಗುವ ತನಕ 15ರಿಂದ 30 ನಿಮಿಷಕ್ಕೊಮ್ಮೆ ನೋಡುತ್ತಲೇ ಇರಿ. ಮಗು ನುಂಗಲು ಶಕ್ತವಾದ ಕೂಡಲೇ, ಡ್ರಿಪ್ ಓಡುತ್ತಿರುವಾಗಲೇ, ಗಂಟೆಗೆ ಕೆಜಿಗೆ 5 ಮಿಲೀ ಒಆರ್‌ಎಸ್ ಶುರು. ರಿಂಗರ್‌ನಲ್ಲಿ ಪೊಟ್ಯಾಸಿಯಂ ಲೀಟರಿಗೆ 4 ಮಿಲಿಮೋಲ್ ಮಾತ್ರ, ಒಆರ್‌ಎಸ್‌ನಲ್ಲಿ 20. ಆಮ್ಲತೆ ಇಳಿದಂತೆ ಪೊಟ್ಯಾಸಿಯಂ ಕೋಶದೊಳಗೆ ನುಗ್ಗಿ ರಕ್ತದಲ್ಲಿ ಕುಸಿಯುತ್ತದೆ. ಹೊಟ್ಟೆ ಉಬ್ಬಿ, ಕುತ್ತಿಗೆ ಸೋತು ಹೋಗುವುದು ಆಗಲೇ.

ಡ್ರಿಪ್ ಸಿಗದಿದ್ದರೆ ಮೂಗಿನ ನಳಿಕೆಯಿಂದ ಗಂಟೆಗೆ ಕೆಜಿಗೆ 20 ಮಿಲೀ, 6 ಗಂಟೆ.

ಔಷಧಶಾಸ್ತ್ರ:

ಭೇದಿ ನಿಲ್ಲಿಸುವ ಮಾತ್ರೆ ಬಗ್ಗೆ ಯಾರೂ ಬರೆದಿಲ್ಲ. ಲೋಪೆರಮೈಡ್ ಕರುಳಿನ ಚಲನೆಯನ್ನು ತಡೆಯುತ್ತದೆ. ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಕರುಳು ಸ್ತಬ್ಧವಾಗಬಹುದು. ಸ್ರಾವ ಕರುಳಿನೊಳಗೇ ತುಂಬಿಕೊಳ್ಳುತ್ತದೆ, ಹೊರಗೆ ಕಾಣದ ಕಾರಣ ನಷ್ಟದ ಅಂದಾಜೇ ಸಿಗುವುದಿಲ್ಲ. ಆ್ಯಂಟಿಬಯಾಟಿಕ್ ಎಲ್ಲ ಭೇದಿಗೂ ಅಲ್ಲ. ರಕ್ತಭೇದಿಗೆ ಮತ್ತು ಕಾಲರಾ ಶಂಕೆಯ ತೀವ್ರ ನಿರ್ಜಲೀಕರಣಕ್ಕೆ ಸ್ಥಾನವಿದೆ. ಸತು (ಜಿಂಕ್) ಮರೆಯಬೇಡಿ: ಬಹುಕಾಲದಿಂದ ಬಳಕೆಯಲ್ಲಿರುವ ಪ್ರಮಾಣ 6 ತಿಂಗಳ ಮೇಲೆ ದಿನಕ್ಕೆ 20 ಮಿಗ್ರಾಂ, ಕೆಳಗೆ 10 ಮಿಗ್ರಾಂ, 10ರಿಂದ 14 ದಿನ. ಭೇದಿ ನಿಂತ ಮೇಲೂ ಮುಂದುವರಿಸಬೇಕು, ಅಲ್ಲೇ ಬಹಳಷ್ಟು ಮನೆಗಳಲ್ಲಿ ಬಿಟ್ಟುಬಿಡುತ್ತಾರೆ.

ಮಕ್ಕಳ ವಾರ್ಡ್:

ಒಂದು ಎಚ್ಚರಿಕೆ. ಮೇಲೆ ಹೇಳಿದ ಪ್ರಮಾಣಗಳು ತೀವ್ರ ಅಪೌಷ್ಟಿಕತೆಯ ಮಗುವಿಗೆ ಅನ್ವಯಿಸುವುದಿಲ್ಲ. ಅಲ್ಲಿ ಸೋಡಿಯಂ ಪಂಪ್ ಸೋತಿರುತ್ತದೆ, ಕೋಶಗಳಲ್ಲಿ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಕಡಿಮೆ, ಹೃದಯ ದುರ್ಬಲ. ಅದಕ್ಕಾಗಿ ರೆಸೋಮಾಲ್ ಎಂಬ ಬೇರೆಯೇ ದ್ರಾವಣ: ಸೋಡಿಯಂ 45, ಪೊಟ್ಯಾಸಿಯಂ 40. ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ ಕೆಜಿಗೆ 5 ಮಿಲೀ. ಉಸಿರಾಟ ನಿಮಿಷಕ್ಕೆ 5, ನಾಡಿ 25 ಏರಿದರೆ ದ್ರವ ಹೆಚ್ಚಾಗಿದೆ ಎಂದರ್ಥ, ನಿಲ್ಲಿಸಿ. ಕಾಲರಾ ಇದ್ದರೆ ಮಾತ್ರ ಈ ಮಗುವಿಗೂ ಸಾಮಾನ್ಯ ಒಆರ್‌ಎಸ್, ಏಕೆಂದರೆ ಅಲ್ಲಿ ಸೋಡಿಯಂ ನಷ್ಟ ದೊಡ್ಡದು.

ಸಮುದಾಯ ಆರೋಗ್ಯ:

ಮನೆಯಲ್ಲಿ ಕಲಸುವಾಗ ಏನು ಕೆಡುತ್ತದೆ ಎಂಬುದನ್ನೂ ಬರೆಯುತ್ತೇನೆ, ಪರೀಕ್ಷೆಗಿಂತ ಇದು ಮುಖ್ಯ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಹಾಕಿದರೆ ಸೋಡಿಯಂ 150, ಒಟ್ಟು 490. ಔಷಧಿಯೇ ಅಪಾಯವಾಗುತ್ತದೆ. ಅರ್ಧ ಪೊಟ್ಟಣವನ್ನು ಅರ್ಧ ಲೀಟರಿಗೆ ಹಾಕುವುದೂ ಬೇಡ, ಪುಡಿಯಲ್ಲಿ ಉಪ್ಪು ಮತ್ತು ಗ್ಲೂಕೋಸ್ ಸಮನಾಗಿ ಬೆರೆತಿರುತ್ತವೆ ಎಂಬ ಭರವಸೆ ಇಲ್ಲ. ಪೂರ್ತಿ ಪೊಟ್ಟಣ, ಪೂರ್ತಿ ನೀರು. ಕಲಸಿದ್ದನ್ನು 24 ಗಂಟೆ ಕಳೆದರೆ ಚೆಲ್ಲಿ. ಪೊಟ್ಟಣವೇ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆಯನ್ನು ಕರುಳಿನ ಅಂಚಿನಲ್ಲಿರುವ ಸುಕ್ರೇಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಇದರಲ್ಲಿ ಪೊಟ್ಯಾಸಿಯಂ, ಸಿಟ್ರೇಟ್ ಇಲ್ಲ. ಗೋಪುರದಂತೆ ತುಂಬಿದ ಚಮಚ ಹಾಕಿದರೆ ಉಪ್ಪು ಮೀರುತ್ತದೆ. ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಹೊಸದಾಗಿ ಮಾಡಿ.

ಇನ್ನು ರೋಗ ಹರಡುವುದು. ಕಾಲರಾ ಬ್ಯಾಕ್ಟೀರಿಯಾಕ್ಕೆ ಜಠರಾಮ್ಲ ಆಗದು, ಆದ್ದರಿಂದ ಸೋಂಕು ತಗಲಲು ಕೋಟಿಗಟ್ಟಲೆ ಜೀವಿಗಳು ಬೇಕು. ಆಮ್ಲ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಇದಕ್ಕಿಂತ ಬಹಳ ಕಡಿಮೆ ಸಾಕು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಆಮ್ಲವನ್ನು ತಾಳಿಕೊಳ್ಳುತ್ತದೆ, 10ರಿಂದ 100 ಇದ್ದರೂ ಸಾಕು. ಹೀಗಾಗಿ ಕಾಲರಾ ಹೆಚ್ಚಾಗಿ ನೀರು, ಆಹಾರದ ದಾರಿ ಹಿಡಿಯುತ್ತದೆ, ಶಿಗೆಲ್ಲಾ ಕೈಯಿಂದ ಕೈಗೂ ಸುಲಭವಾಗಿ ದಾಟುತ್ತದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿದ ಜಾನ್ ಸ್ನೋಗೆ ಬ್ಯಾಕ್ಟೀರಿಯಾ ಕಾಣಬೇಕಾಗಿರಲಿಲ್ಲ, ನೀರಿನ ದಾರಿ ಕಂಡಿತ್ತು.

ನೀರಿಗೆ ಕ್ಲೋರಿನ್ ಹಾಕಿ 30 ನಿಮಿಷದ ನಂತರ ಲೀಟರಿಗೆ 0.5 ಮಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಲೆಕ್ಕ ಹೀಗೆ: ನೀರಿನ ಕ್ಲೋರಿನ್ ಬೇಡಿಕೆ ಲೀಟರಿಗೆ 2 ಮಿಗ್ರಾಂ ಇದ್ದರೆ 0.5 ಸೇರಿಸಿ 2.5. ಸಾವಿರ ಲೀಟರಿಗೆ 2.5 ಗ್ರಾಂ ಕ್ಲೋರಿನ್. ಬ್ಲೀಚಿಂಗ್ ಪುಡಿಯಲ್ಲಿ ಶೇ. 33 ಇದ್ದರೆ 7.6 ಗ್ರಾಂ ಪುಡಿ. ಡಬ್ಬದ ಮುಚ್ಚಳ ತೆರೆದಿಟ್ಟು ಶೇ. 20ಕ್ಕೆ ಇಳಿದಿದ್ದರೆ 12.5 ಗ್ರಾಂ ಬೇಕು. ಹಳೆಯ ಪುಡಿಗೆ ಹೊಸ ಪುಡಿಯ ಲೆಕ್ಕ ಹಾಕಿದಾಗಲೇ ಕ್ಲೋರಿನ್ ಹಾಕಿದ ಟ್ಯಾಂಕಿನಿಂದಲೂ ರೋಗ ಬರುವುದು. ಕಲಕಿದ ನೀರಾದರೆ ಮೊದಲು ಸೋಸಿ, ಮಣ್ಣು ಮತ್ತು ಸಾವಯವ ಕಸ ಕ್ಲೋರಿನ್ ನುಂಗಿಬಿಡುತ್ತವೆ. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಜೀವಿ ಈ ಪ್ರಮಾಣಕ್ಕೆ ಸಾಯುವುದಿಲ್ಲ, ಅದಕ್ಕೆ ಕುದಿಸಬೇಕು ಅಥವಾ ಸರಿಯಾದ ಸೋಸುಕ ಬೇಕು.

ದ್ವಿತೀಯ ವರ್ಷ:

ಕೊನೆಯದು. ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ ವಿಲ್ಲೈ ಕೋಶಗಳನ್ನೇ ನಾಶ ಮಾಡುತ್ತದೆ. ಹೀರುವ ಬಾಗಿಲೇ ಬಿದ್ದಮೇಲೆ ಒಆರ್‌ಎಸ್ ಏನು ಮಾಡೀತು? ಕೆಲಸ ಮಾಡುತ್ತಿದೆ ಎಂದು ಯಾವುದರಿಂದ ತಿಳಿಯುವುದು?

ಶರೀರಕ್ರಿಯೆ:

ಹಾನಿ ಎಲ್ಲ ಕಡೆ ಸಮವಾಗಿರುವುದಿಲ್ಲ, ತೇಪೆತೇಪೆಯಾಗಿರುತ್ತದೆ. ನಡುವೆ ಉಳಿದ ವಿಲ್ಲೈ ಸಾಕಷ್ಟು ಹೀರುತ್ತವೆ. ಕ್ರಿಪ್ಟ್‌ನಿಂದ ಹೊಸ ಕೋಶಗಳು ಮೇಲೇರಿ ಕೆಲವು ದಿನಗಳಲ್ಲಿ ಜಾಗ ತುಂಬುತ್ತವೆ. ಅಪರೂಪಕ್ಕೆ ಗ್ಲೂಕೋಸ್ ಹೀರಿಕೆಯೇ ಸೋಲುತ್ತದೆ. ಆಗ ಒಆರ್‌ಎಸ್ ಕೊಟ್ಟಷ್ಟೂ ಮಲ ಹೆಚ್ಚುತ್ತದೆ, ಮಲದಲ್ಲಿ ಗ್ಲೂಕೋಸ್ ಸಿಗುತ್ತದೆ, ನಿರ್ಜಲೀಕರಣ ಇಳಿಯುವುದಿಲ್ಲ. ಅಂಥವರಿಗೆ ಡ್ರಿಪ್ಪೇ ದಾರಿ.

ಮಕ್ಕಳ ವಾರ್ಡ್:

ಗುರುತಿಗೆ ಮಲದ ಎಣಿಕೆ ಹಿಡಿಯಬೇಡಿ. 4 ಗಂಟೆಯ ನಂತರ ಮತ್ತೆ ಅದೇ ನಾಲ್ಕು ಗುರುತು ನೋಡಿ, ತೂಕ ಹಾಕಿ. ಮಗು ಮೂತ್ರ ಮಾಡಿ ನಿದ್ದೆಗೆ ಜಾರಿದರೆ ಒಳ್ಳೆಯ ಲಕ್ಷಣ. ಆದರೆ ನಿದ್ದೆಯೋ ಮಂಪರೋ ಎಂದು ಎಬ್ಬಿಸಿ ನೋಡಲೇಬೇಕು. ರೆಪ್ಪೆ ಊದಿಕೊಂಡಿದ್ದರೆ ದ್ರವ ಹೆಚ್ಚಾಗಿದೆ: ಒಆರ್‌ಎಸ್ ನಿಲ್ಲಿಸಿ ಎದೆಹಾಲು, ಬರಿಯ ನೀರು ಕೊಡಿ. ಊತ ಇಳಿದ ಮೇಲೆ, ಭೇದಿ ಇನ್ನೂ ಇದ್ದರೆ, ಪ್ರತಿ ಭೇದಿಯ ಲೆಕ್ಕದಲ್ಲಿ ಮತ್ತೆ ಶುರು ಮಾಡಿ.